ಪಾಸ್‌ವರ್ಡ್ ಸರಿ ಇದ್ದರೂ ಲಿನಕ್ಸ್ ಒಳಗೆ ಬಿಡುತ್ತಿಲ್ಲವೇ? ಫಾರ್ಮ್ಯಾಟ್ ಮಾಡುವ ಮುಂಚೆ ಇದನ್ನು ಓದಿ

ಪಾಸ್‌ವರ್ಡ್ ಹಾಕುತ್ತೀರಿ. ಪರದೆ ಒಂದು ಗಳಿಗೆ ಕಪ್ಪಾಗುತ್ತದೆ. ಮತ್ತೆ ಅದೇ ಲಾಗಿನ್ ಪರದೆ ಬಂದು ನಿಲ್ಲುತ್ತದೆ. ಬಾಗಲಕೋಟೆ ವಿದ್ಯಾಗಿರಿಯ ಎಂಜಿನಿಯರಿಂಗ್ ಹುಡುಗರು ಈ ತಾಪತ್ರಯ ಹೊತ್ತು ಬರುವಾಗ ಪೆನ್‌ಡ್ರೈವ್‌ನಲ್ಲಿ ಹೊಸ ಉಬುಂಟು (ಲಿನಕ್ಸ್‌ನ ಒಂದು ಬಗೆ) ತುಂಬಿಕೊಂಡೇ ಬಂದಿರುತ್ತಾರೆ. ‘ಫಾರ್ಮ್ಯಾಟ್ ಹೊಡದ್ರ ಮುಗೀತಲ್ರೀ’ ಅನ್ನುತ್ತಾರೆ. ಮುಗಿಯುತ್ತದೆ, ಹೌದು. ಜೊತೆಗೆ ಪ್ರಾಜೆಕ್ಟ್ ಫೈಲುಗಳ ಕಥೆಯೂ ಮುಗಿಯುತ್ತದೆ.

‘ಪಾಸ್‌ವರ್ಡ್ ತಪ್ಪು’ ಎಂಬ ಸಂದೇಶ ಬರುತ್ತಿದ್ದರೆ ಅದು ಬೇರೆ ವಿಷಯ. ಕ್ಯಾಪ್ಸ್‌ಲಾಕ್ ನೋಡಿ, ಕೀಬೋರ್ಡ್ ಕನ್ನಡಕ್ಕೆ ಬದಲಾಗಿದೆಯೇ ನೋಡಿ. ಯಾವ ಸಂದೇಶವೂ ಇಲ್ಲದೆ ಹೊರಗೆ ದಬ್ಬುತ್ತಿದ್ದರೆ ಮುಂದೆ ಓದಿ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ.

1. ಹಿಂಬಾಗಿಲಿನಿಂದ ಒಳಗೆ ಹೋಗಿ

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯೂ ಬೇಕು. ಕಪ್ಪು ಪರದೆ ಬರುತ್ತದೆ, ಅಲ್ಲಿ ಹೆಸರು, ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಒತ್ತುವಾಗ ಚುಕ್ಕಿ ಕೂಡ ಕಾಣುವುದಿಲ್ಲ, ಗಾಬರಿ ಬೇಡ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಇಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಈ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ, ಅಷ್ಟೇ. ಫೈಲು ಕೆಟ್ಟಿಲ್ಲ.

2. ಡಿಸ್ಕ್ ತುಂಬಿದೆಯೇ ನೋಡಿ

ಡಿಎಫ್, ಸ್ಪೇಸ್, ಮೈನಸ್ ಎಚ್. ಸ್ಲ್ಯಾಶ್ ಎಂದಿರುವ ಸಾಲು, ಬೇರೆಯಾಗಿದ್ದರೆ ಸ್ಲ್ಯಾಶ್ ಹೋಮ್ ಸಾಲು, ಇವೆರಡನ್ನೇ ನೋಡಿ. ಉಬುಂಟುವಿನಲ್ಲಿ ಲೂಪ್ ಎಂಬ ಹೆಸರಿನ ಸಾಲುಗಳು 100% ತೋರಿಸುತ್ತವೆ. ಅವು ಸ್ನ್ಯಾಪ್ ಎಂಬ ಪ್ಯಾಕೇಜಿನಲ್ಲಿ ಬರುವ ಆಪ್‌ಗಳು, ಯಾವಾಗಲೂ ಹಾಗೇ ಇರುತ್ತವೆ. ಅದನ್ನು ನೋಡಿ ‘ಡಿಸ್ಕ್ ಫುಲ್’ ಅಂತ ಹೌಹಾರುವವರು ಜಾಸ್ತಿ.

ನಿಜವಾಗಿಯೂ ತುಂಬಿದ್ದರೆ, ಸುಡೊ ಆಪ್ಟ್ ಕ್ಲೀನ್ ಮಾಡಿ (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು; ಈ ಕಮಾಂಡ್ ಇಳಿಸಿಟ್ಟ ಪ್ಯಾಕೇಜ್ ಫೈಲುಗಳನ್ನು ಅಳಿಸುತ್ತದೆ), ಡೌನ್‌ಲೋಡ್ಸ್‌ನಲ್ಲಿರುವ ಹಳೆಯ ಸಿನಿಮಾ ಅಳಿಸಿ, ರೀಬೂಟ್ ಮಾಡಿ. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್‌ಗೆ 20 ಜಿಬಿ ಮಾತ್ರ ಕೊಟ್ಟವರಿಗೆ ಇದು ಇವತ್ತಲ್ಲ ನಾಳೆ ಬರುವ ಕಾಟವೇ. ಕನಿಷ್ಠ 60 ಕೊಡಿ. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಸ್ವಚ್ಛ ಮಾಡುತ್ತೇವೆ ಅನ್ನುವ ಕ್ಲೀನರ್ ಆಪ್‌ಗಳನ್ನು ಮುಟ್ಟಲೇಬೇಡಿ. ಬೇಕಾದದ್ದನ್ನೂ ಗುಡಿಸಿ ಹಾಕುತ್ತವೆ.

3. ಒಡೆತನ ಯಾರದು?

ಎಲ್ಲರೂ ಎಡವುವುದು ಇಲ್ಲೇ. ಮಿಂಟ್ ಅಥವಾ ಕ್ಸುಬುಂಟು ಎಂಬ ಲಿನಕ್ಸ್‌ಗಳಲ್ಲಿ ನಿಮ್ಮ ಹೋಮ್ ಫೋಲ್ಡರಿನೊಳಗೆ (ನಿಮ್ಮ ಫೈಲುಗಳೆಲ್ಲ ಇರುವ ಜಾಗ) ಎಕ್ಸ್‌ಅಥಾರಿಟಿ ಎಂಬ ಅಡಗಿದ ಫೈಲ್ ಇರುತ್ತದೆ. ಡೆಸ್ಕ್‌ಟಾಪ್ ತೆರೆಯುವಾಗ ನಿಮ್ಮ ಹೆಸರಿನಲ್ಲಿ ಸಿಸ್ಟಮ್ ಅದರಲ್ಲಿ ಬರೆಯಬೇಕು. ಯಾವುದೋ ವಿಡಿಯೊ ನೋಡಿ ಕಿಟಕಿ ತೆರೆಯುವ ಆಪ್ ಒಂದನ್ನು ಸುಡೊ ಹಾಕಿ ಓಡಿಸಿದ್ದರೆ, ಫೈಲ್ ರೂಟ್ (ಅಡ್ಮಿನ್) ಹೆಸರಿಗೆ ಹೋಗಿಬಿಟ್ಟಿರಬಹುದು. ಆಗ ನಿಮ್ಮ ಮನೆಯಲ್ಲಿ ನಿಮಗೇ ಬರೆಯಲು ಅನುಮತಿ ಇಲ್ಲ. ಡೆಸ್ಕ್‌ಟಾಪ್ ಬಿದ್ದುಹೋಗುತ್ತದೆ.

ಎಲ್‌ಎಸ್, ಸ್ಪೇಸ್, ಮೈನಸ್ ಎಲ್‌ಎ ಎಂದು ಒತ್ತಿ. ಪ್ರತಿ ಸಾಲಿನಲ್ಲೂ ನಿಮ್ಮ ಹೆಸರು ಎರಡು ಸಲ ಬರಬೇಕು. ಎರಡು ಚುಕ್ಕಿಗಳ ಸಾಲು ಮಾತ್ರ ರೂಟ್‌ನದು, ಅದು ಸರಿಯೇ. ಬೇರೆ ಕಡೆ ರೂಟ್ ಕಂಡರೆ ಕಳ್ಳ ಸಿಕ್ಕ ಹಾಗೆ. ಎಕ್ಸ್‌ಅಥಾರಿಟಿ, ಐಸ್‌ಅಥಾರಿಟಿ, ಕಾನ್ಫಿಗ್, ಕ್ಯಾಶ್ ಇವನ್ನು ವಿಶೇಷವಾಗಿ ನೋಡಿ.

ಸರಿಪಡಿಸುವ ಕಮಾಂಡ್: ಸುಡೊ, ಸ್ಪೇಸ್, ಸಿ-ಎಚ್-ಒ-ಡಬ್ಲ್ಯು-ಎನ್, ಸ್ಪೇಸ್, ಮೈನಸ್ ದೊಡ್ಡ ಆರ್, ಸ್ಪೇಸ್, ನಿಮ್ಮ ಹೆಸರು, ಕೋಲನ್, ಮತ್ತೆ ನಿಮ್ಮ ಹೆಸರು (ಹೆಸರು, ಕೋಲನ್, ಹೆಸರು ಇವುಗಳ ನಡುವೆ ಸ್ಪೇಸ್ ಬೇಡ). ಆಮೇಲೆ ಒಂದು ಸ್ಪೇಸ್. ಆಮೇಲೆ ಸ್ಲ್ಯಾಶ್ ಹೋಮ್ ಸ್ಲ್ಯಾಶ್ ನಿಮ್ಮ ಹೆಸರು, ಇದನ್ನು ಎಲ್ಲೂ ಬಿಡಿಸದೆ ಒಂದೇ ಪದವಾಗಿ ಬರೆಯಿರಿ. ಮೊದಲ ಸ್ಲ್ಯಾಶ್ ಆದ ಮೇಲೆ ಕೈ ತಪ್ಪಿ ಸ್ಪೇಸ್ ಬಿದ್ದರೆ ಇಡೀ ಕಂಪ್ಯೂಟರಿನ ಒಡೆತನ ನಿಮ್ಮ ಹೆಸರಿಗೆ ಬರುತ್ತದೆ. ಸುಡೊ ಕೂಡ ಕೆಲಸ ಬಿಡುತ್ತದೆ. ಆಗ ಫಾರ್ಮ್ಯಾಟ್ ಬಿಟ್ಟು ಹೆಚ್ಚೇನೂ ಉಳಿಯುವುದಿಲ್ಲ. ಎಂಟರ್ ಒತ್ತುವ ಮುಂಚೆ ಸಾಲನ್ನು ಬಾಯಿಬಿಟ್ಟು ಓದಿ.

777 ಕೊಟ್ಟು ಎಲ್ಲ ಫೈಲನ್ನೂ ಎಲ್ಲರಿಗೂ ತೆರೆದಿಡಿ ಎಂದು ಗೆಳೆಯರು ಹೇಳುತ್ತಾರೆ. ಬೇಡವೇ ಬೇಡ. ಎಸ್‌ಎಸ್‌ಎಚ್ ಕೀಗಳನ್ನು (ಬೇರೆ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಗುಟ್ಟಿನ ಫೈಲುಗಳು) ಸಿಸ್ಟಮ್ ಆಮೇಲೆ ಒಪ್ಪುವುದಿಲ್ಲ, ಇನ್ನೊಂದು ತಲೆನೋವು. ತಾತ್ಕಾಲಿಕ ಫೈಲುಗಳಿರುವ ಟಿಎಂಪಿ ಫೋಲ್ಡರಿಗೂ 777 ಅಲ್ಲ, 1777 ಇರಬೇಕು.

4. ಇನ್ನೂ ಆಗಲಿಲ್ಲವೇ?

ಸುಡೊ ಆಡ್‌ಯೂಸರ್ ಪರೀಕ್ಷೆ ಎಂದು ಇಂಗ್ಲಿಷಿನಲ್ಲಿ ಬರೆದು ಹೊಸ ಬಳಕೆದಾರನನ್ನು ಮಾಡಿ. ಆ ಹೆಸರಿನಲ್ಲಿ ಡೆಸ್ಕ್‌ಟಾಪ್ ತೆರೆದುಕೊಂಡರೆ ದೋಷ ನಿಮ್ಮ ಹೋಮ್ ಫೋಲ್ಡರಿನಲ್ಲೇ ಇದೆ. ಇತ್ತೀಚೆಗೆ ಹಾಕಿದ ಎಕ್ಸ್‌ಟೆನ್ಷನ್, ಲಾಗಿನ್ ಆಗುವಾಗ ಸಿಸ್ಟಮ್ ಓದುವ ಪ್ರೊಫೈಲ್ ಫೈಲಿಗೆ ಸೇರಿಸಿದ ಸಾಲು, ಇವನ್ನು ತೆಗೆಯಿರಿ. ಹೊಸ ಹೆಸರಿನಲ್ಲೂ ತೆರೆಯದಿದ್ದರೆ ದೋಷ ಸಿಸ್ಟಮ್‌ನದು.

ಸಿಸ್ಟಮ್‌ನದು ಅಂದರೆ ನನ್ನ ಅನುಮಾನ ಮೊದಲು ಗ್ರಾಫಿಕ್ಸ್ ಕಾರ್ಡ್ ನಡೆಸುವ ಎನ್ವಿಡಿಯಾ ಡ್ರೈವರ್ ಮೇಲೆ. ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಮರುದಿನ ಕೈಕೊಡುತ್ತದೆ. ಬೂಟ್ ಆಗುವಾಗ ಎಸ್ಕೇಪ್ ಒತ್ತಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಅದರಲ್ಲಿ ಒಳಗೆ ಬಿಟ್ಟರೆ ಡ್ರೈವರನ್ನು ಉಬುಂಟುವಿನ ಅಡಿಷನಲ್ ಡ್ರೈವರ್ಸ್‌ನಿಂದಲೇ ಮತ್ತೆ ಹಾಕಿ. ವೆಬ್‌ಸೈಟಿನಿಂದ ಇಳಿಸಿದ ಡ್ರೈವರ್ ಫೈಲ್ ಸುಮ್ನೆ ತಂಟೆ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ಸುಡೊ ಡಿಪಿಕೆಜಿ, ಸ್ಪೇಸ್, ಮೈನಸ್ ಮೈನಸ್ ಕಾನ್ಫಿಗರ್, ಸ್ಪೇಸ್, ಮೈನಸ್ ಎ ಸಾಕು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇಟ್ಟುಕೊಂಡವರು ಇದನ್ನು ಬರೆದಿಟ್ಟುಕೊಳ್ಳಿ.

ಕೊನೆಗೆ ಸುಡೊ ಡಿಮೆಸೇಜ್ ಓಡಿಸಿ. ಆ ಕಮಾಂಡಿನಲ್ಲಿ ಮೆಸೇಜ್ ಪದಕ್ಕೆ ಎಂ, ಇ, ಎಸ್, ಜಿ ಇಷ್ಟೇ ಅಕ್ಷರ. ಡಿಸ್ಕಿನ ಹೆಸರಿನ ಜೊತೆ ‘ಐ/ಒ ಎರರ್’ ಎಂಬ ಸಾಲುಗಳು ಕಂಡರೆ ರಿಪೇರಿ ನಿಲ್ಲಿಸಿ. ಡಿಸ್ಕೇ ಹೋಗುತ್ತಿರಬಹುದು. ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಬೇಕಾದ ಫೈಲುಗಳನ್ನು ಹೊರಗಿನ ಡ್ರೈವ್‌ಗೆ ಎಳೆದುಕೊಂಡ ಮೇಲೆಯೇ ಅಂಗಡಿಗೆ ಕೊಡಿ.