ಒಳಾಂಗಣ ವಿನ್ಯಾಸದ ಕೆಲಸವನ್ನು ನಿಯತಕಾಲಿಕೆಗೆ ಕಳುಹಿಸುವ ಬಗೆ

ಮನೆಯ ಒಳಾಂಗಣವನ್ನು ಪತ್ರಿಕೆಗೆ ಕಳುಹಿಸುವ ಯೋಚನೆ ಹೆಚ್ಚಿನ ವಿನ್ಯಾಸಕರಿಗೆ ಗೃಹಪ್ರವೇಶವಾಗಿ ಎಷ್ಟೋ ತಿಂಗಳಾದ ಮೇಲೆ ಬರುತ್ತದೆ. ಅಷ್ಟರಲ್ಲಿ ಪಡಸಾಲೆಗೆ ಹೊಸ ಕಪಾಟು ಬಂದಿರುತ್ತದೆ, ಕಿಟಕಿಯ ಪರದೆ ಬದಲಾಗಿರುತ್ತದೆ. ಆದ್ದರಿಂದ ಛಾಯಾಚಿತ್ರ ತೆಗೆಸಲು ಮತ್ತು ಪ್ರಕಟಿಸಲು ಮನೆಯವರ ಒಪ್ಪಿಗೆಯನ್ನು ಕೆಲಸದ ಒಪ್ಪಂದದಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು. ಅವರ ಹೆಸರು, ಬಡಾವಣೆ, ಮನೆಗೆ ತಗುಲಿದ ವೆಚ್ಚ, ಮಕ್ಕಳ ಚಿತ್ರ ಇವುಗಳಲ್ಲಿ ಯಾವುದನ್ನು ಪ್ರಕಟಿಸಬಹುದು, ಯಾವುದನ್ನು ಕೂಡದು ಎಂಬುದೂ ಅಲ್ಲಿಯೇ ಸ್ಪಷ್ಟವಾಗಿರಲಿ.

ಮುಂದಿನ ಕೆಲಸ ಪತ್ರಿಕೆಯ ಆಯ್ಕೆ. 2012ರಲ್ಲಿ ಆರಂಭವಾದ ಆರ್ಕಿಟೆಕ್ಚರಲ್ ಡೈಜೆಸ್ಟ್‌ನ ಭಾರತೀಯ ಆವೃತ್ತಿ, ಎಲ್ ಡೆಕೋರ್ ಇಂಡಿಯಾ, ದಶಕಗಳಿಂದ ಬರುತ್ತಿರುವ ಇನ್‌ಸೈಡ್ ಔಟ್‌ಸೈಡ್ ಇವೆಲ್ಲ ಮನೆಗಳನ್ನು ಪ್ರಕಟಿಸಿದರೂ ಒಂದರ ರುಚಿ ಇನ್ನೊಂದರದಲ್ಲ. ಕಳೆದ ಕೆಲವು ಸಂಚಿಕೆಗಳನ್ನು ಮುಂದಿಟ್ಟುಕೊಂಡು, ನಿಮ್ಮ ಮನೆಯಂಥದು ಅಲ್ಲಿ ಯಾವ ವಿಭಾಗದಲ್ಲಿ ಬಂದೀತು ಎಂದು ನೋಡಿರಿ; ಯಾವ ವಿಭಾಗವೂ ಹೊಳೆಯದಿದ್ದರೆ ಅದು ನಿಮ್ಮ ಪತ್ರಿಕೆಯಲ್ಲ. ಚಿಕ್ಕ ಬಜೆಟ್ಟಿನ ಅಪಾರ್ಟ್‌ಮೆಂಟಿಗೆ ಕನ್ನಡ ದಿನಪತ್ರಿಕೆಯ ಪುರವಣಿಯೂ ಸರಿಯಾದ ಜಾಗವೇ, ಮುಂದಿನ ಗಿರಾಕಿ ಅದನ್ನು ಓದುವ ಸಂಭವವೂ ಹೆಚ್ಚು.

ಸಂಪಾದಕರ ಮುಂದೆ ಬರುವ ಅಂದವಾದ ಮನೆಗಳಿಗೆ ಬರವಿಲ್ಲ. ಅವರು ಹುಡುಕುವುದು ಒಂದು ತೊಡಕನ್ನೂ ಅದಕ್ಕೆ ವಿನ್ಯಾಸಕರು ಕಂಡುಕೊಂಡ ಉತ್ತರವನ್ನೂ. ‘ಆಧುನಿಕತೆ ಮತ್ತು ಪರಂಪರೆಯ ಸಂಗಮ’ ಎಂಬ ಮಾತು ಯಾವ ಮನೆಗೂ ಅಂಟಿಕೊಳ್ಳುತ್ತದೆ, ಆದ್ದರಿಂದ ಯಾವ ಮನೆಯ ಬಗೆಗೂ ಏನನ್ನೂ ಹೇಳುವುದಿಲ್ಲ. ಅದರ ಬದಲು, ಹಳೆಯ ತೊಟ್ಟಿಮನೆಯ ಬಿರುಕುಬಿಟ್ಟ ರೆಡ್ ಆಕ್ಸೈಡ್ ನೆಲವನ್ನು ಕಿತ್ತು ಹಾಕದೆ ಹೇಗೆ ದುರಸ್ತಿ ಮಾಡಿದಿರಿ, ಮಳೆಗಾಲದ ಎರಚಲು ಒಳಗೆ ಬಾರದಂತೆ ತೊಟ್ಟಿಯನ್ನು ಮುಚ್ಚಿಯೂ ಬೆಳಕನ್ನು ಹೇಗೆ ಉಳಿಸಿದಿರಿ ಎಂಬುದನ್ನು ಬರೆದರೆ ಲೇಖನಕ್ಕೆ ಬೇಕಾದ ಎಳೆ ಅವರ ಕೈಗೆ ಸಿಗುತ್ತದೆ.

ಹಣವನ್ನು ಧಾರಾಳವಾಗಿ ಖರ್ಚು ಮಾಡಬೇಕಾದದ್ದು ಛಾಯಾಚಿತ್ರಕ್ಕೆ. ಕಟ್ಟಡಗಳ ಚಿತ್ರ ತೆಗೆದು ಪಳಗಿದವರನ್ನೇ ಕರೆಯಿರಿ. ಮದುವೆಯ ಚಿತ್ರ ಚೆನ್ನಾಗಿ ತೆಗೆಯುವವರು ಗೋಡೆಯ ಗೆರೆಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆಂಬ ಭರವಸೆಯಿಲ್ಲ. ಪ್ರತಿ ಕೋಣೆಗೆ ಬೆಳಕು ಯಾವ ಹೊತ್ತಿಗೆ ಬರುತ್ತದೆಂದು ಮೊದಲೇ ಗಮನಿಸಿ, ಚಿತ್ರೀಕರಣದ ಕ್ರಮವನ್ನು ಅದರಂತೆ ಹಾಕಿಕೊಳ್ಳಿರಿ. ಇಡೀ ಕೋಣೆಯ ನೋಟಗಳ ಜೊತೆಗೆ ಮರದ ಜೋಡಣೆ, ಹಿಡಿಕೆ, ಕಲ್ಲಿನ ಅಂಚಿನಂಥ ಹತ್ತಿರದ ಚಿತ್ರಗಳೂ, ಪುಟದ ಆಕಾರಕ್ಕೆ ಹೊಂದುವ ಉದ್ದುದ್ದದ ಚಿತ್ರಗಳೂ ಬೇಕು. ಮುದ್ರಣಕ್ಕೆ ಇಂಚಿಗೆ 300 ಚುಕ್ಕೆಗಳ ಸಾಂದ್ರತೆ ರೂಢಿಯಲ್ಲಿರುವುದರಿಂದ ಎ4 ಅಳತೆಯ ಪೂರ್ಣ ಪುಟಕ್ಕೆ ಸುಮಾರು 2480×3508 ಪಿಕ್ಸೆಲ್ ಬೇಕಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಬಂದು ಕುಗ್ಗಿಹೋದ ಪ್ರತಿಯನ್ನು ನೆಚ್ಚಿಕೊಳ್ಳಬೇಡಿ.

ಚಿತ್ರದ ಹಕ್ಕಿನ ವಿಷಯದಲ್ಲಿ ಹಲವರು ಎಡವುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ ತೆಗೆಸಿದವರದು. ಆದರೆ ಛಾಯಾಗ್ರಾಹಕರು ಒಪ್ಪಂದದಲ್ಲಿ ಹಕ್ಕನ್ನು ತಾವೇ ಉಳಿಸಿಕೊಂಡು, ನಿಮಗೆ ಜಾಲತಾಣದ ಬಳಕೆಯನ್ನಷ್ಟೇ ಕೊಟ್ಟಿರಬಹುದು. ಸಹಿ ಹಾಕುವ ಮುನ್ನ, ಪತ್ರಿಕೆಯಲ್ಲಿ ಪ್ರಕಟಿಸುವುದೂ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿರಿ.

ಮಿಂಚಂಚೆ ಚಿಕ್ಕದಾಗಿರಲಿ: ಎರಡು ಪ್ಯಾರಾದ ವಿವರಣೆ, ಕಡತದ ಗಾತ್ರ ತಗ್ಗಿಸಿದ ಎಂಟು ಹತ್ತು ಚಿತ್ರಗಳು, ನೆಲನಕ್ಷೆ, ಚದರಡಿ, ಊರು, ಮುಗಿದ ವರ್ಷ, ಬಳಸಿದ ಸಾಮಗ್ರಿ, ಛಾಯಾಗ್ರಾಹಕರ ಹೆಸರು. ಪ್ರಧಾನ ಬಡಗಿಯ ಹೆಸರನ್ನೂ ಸೇರಿಸಿರಿ, ಅದನ್ನು ಬಿಡಲು ಕಾರಣವೇ ಇಲ್ಲ. ಮುದ್ರಿತ ಪತ್ರಿಕೆಗಳು ತಿಂಗಳುಗಟ್ಟಲೆ ಮುಂಚೆ ಸಂಚಿಕೆಯನ್ನು ಯೋಜಿಸುವುದರಿಂದ ದೀಪಾವಳಿಗೆ ಒಪ್ಪುವ ಮನೆಯನ್ನು ದಸರೆಯಲ್ಲಿ ಕಳುಹಿಸಿ ಫಲವಿಲ್ಲ.

ಒಂದು ಮನೆಯನ್ನು ಒಂದು ಹೊತ್ತಿಗೆ ಒಬ್ಬ ಸಂಪಾದಕರಿಗೆ ಮಾತ್ರ ಕಳುಹಿಸಬೇಕು, ಉತ್ತರ ಬರುವವರೆಗೆ ಇನ್‌ಸ್ಟಾಗ್ರಾಂನಲ್ಲಿ ಹಾಕುವುದನ್ನೂ ತಡೆಹಿಡಿಯಬೇಕು. ಬೇರೆಲ್ಲೂ ಬಾರದ ಮನೆಯೇ ಅನೇಕ ಪತ್ರಿಕೆಗಳಿಗೆ ಬೇಕಾದದ್ದು. ಎರಡು ಮೂರು ವಾರ ಕಾದು ಒಂದು ಜ್ಞಾಪನೆ ಕಳುಹಿಸಿರಿ. ಆಮೇಲೂ ಮೌನವಾದರೆ, ಪ್ರಸ್ತಾವವನ್ನು ಹಿಂಪಡೆಯುತ್ತಿರುವುದಾಗಿ ಎರಡು ಸಾಲು ಬರೆದು ಮುಂದಿನ ಪತ್ರಿಕೆಗೆ ಹೋಗಬಹುದು. ಪುಟಕ್ಕೆ ಇಷ್ಟು ಹಣ ಎಂಬ ಉತ್ತರ ಬಂದರೆ ಅದು ಜಾಹೀರಾತು. ಕೊಡುವುದು ತಪ್ಪಲ್ಲ, ಆದರೆ ಅದನ್ನು ಸಂಪಾದಕರು ಆರಿಸಿದ ಕೆಲಸವೆಂದು ಗಿರಾಕಿಗಳಿಗೆ ತೋರಿಸಕೂಡದು.