ಕಾಂಜಿ ಕೋಶವನ್ನು ಜೇಸನ್‌ಗೆ ಇಳಿಸುವ ಬಗೆ

ಜಪಾನಿ ಕಲಿಕೆಯ ಆ್ಯಪ್ ಕಟ್ಟುವವರಿಗೆ ಕಾಂಜಿಡಿಕ್2 ದೊಡ್ಡ ಆಸರೆ. ಜಿಮ್ ಬ್ರೀನ್ ಶುರುಮಾಡಿದ ಈ ಕೋಶದಲ್ಲಿ 13,108 ಕಾಂಜಿಗಳ (ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳು) ಉಚ್ಚಾರ, ಅರ್ಥ, ಗೆರೆಗಳ ಲೆಕ್ಕ ಎಲ್ಲವೂ ಇವೆ. ಕಡತ ಸಿಗುವುದು ಎಕ್ಸ್‌ಎಂಎಲ್‌ನಲ್ಲಿ, ಆ್ಯಪ್‌ಗೆ ಬೇಕಾದದ್ದು ಜೇಸನ್. ಎರಡೂ ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ವಿನ್ಯಾಸಗಳು. ಪೈಥಾನ್ ಬಲ್ಲವರಿಗೆ ಇದು ಸಣ್ಣ ಕೆಲಸವೇ. ಅವಸರಪಟ್ಟರೆ ಮಾತ್ರ ಕೋಶ ಜತನದಿಂದ ಇಟ್ಟ ಸೂಕ್ಷ್ಮಗಳು ಅಳಿಸಿಹೋಗುತ್ತವೆ.

ಮೊದಲು ಈ ಕೋಶವನ್ನು ನೋಡಿಕೊಳ್ಳುವ ಇಡಿಆರ್‌ಡಿಜಿ ತಾಣದಿಂದ ಕಡತ ಇಳಿಸಿಕೊಳ್ಳಿ. ಕಡತವನ್ನು ತುಂಡು ತುಂಡಾಗಿ ಓದುವ 'ಐಟರ್‌ಪಾರ್ಸ್' ಬಳಸಿ ಒಂದೊಂದೇ 'ಕ್ಯಾರೆಕ್ಟರ್' (ಒಂದು ಕಾಂಜಿಯ ದಾಖಲೆ) ಓದಿ, ಮುಗಿದ ಕೂಡಲೇ 'ಕ್ಲಿಯರ್' ಮಾಡಿ, ಮೆಮೊರಿ ತುಂಬುವುದಿಲ್ಲ. ಪ್ರತಿ ದಾಖಲೆಗೂ ಯೂನಿಕೋಡ್ ಸಂಖ್ಯೆಯೇ ಕೀ ಆಗಿರಲಿ.

ಹೆಚ್ಚು ಎಚ್ಚರ ಬೇಕಾದದ್ದು ಕುನ್ ಉಚ್ಚಾರದಲ್ಲಿ, ಅಂದರೆ ಕಾಂಜಿಯ ಜಪಾನಿ ಮೂಲದ ಓದಿನಲ್ಲಿ. 'ತಿನ್ನು' ಎಂಬ ಕಾಂಜಿಯ ಕೆಳಗೆ 'ತ.ಬೆರು' ಎಂದು ಹಿರಗಾನ ಲಿಪಿಯಲ್ಲಿದೆ. ಚುಕ್ಕಿಯ ಎಡಭಾಗ ಕಾಂಜಿಯದ್ದು, ಬಲಭಾಗ ಅದಕ್ಕೆ ಅಂಟಿ ಬರುವ ಒಕುರಿಗಾನ. ಚುಕ್ಕಿ ಉಳಿಸಿದರೆ 'ತಬೆರು' ಎಂದು ಹುಡುಕಿದವರಿಗೆ ಪದ ಸಿಗದು, ತೆಗೆದರೆ ಕಾಂಜಿಯ ಪಾಲು ಎಲ್ಲಿಯವರೆಗೆ ಎಂಬುದೇ ತಿಳಿಯದು. ಹಾಗಾಗಿ ಮೂಲರೂಪ, ಕಾಂಡ, ಒಕುರಿಗಾನ, ಹುಡುಕಾಟದ ರೂಪ ಎಂದು ನಾಲ್ಕನ್ನೂ ಇಡಿ. ಮೊದಲಲ್ಲೋ ಕೊನೆಯಲ್ಲೋ ಅಡ್ಡಗೆರೆ ಇದ್ದರೆ ಅದು ಪ್ರತ್ಯಯದ ಗುರುತು. ಹುಡುಕಾಟದ ರೂಪದಿಂದ ಮಾತ್ರ ಅದನ್ನು ತೆಗೆಯಿರಿ.

'ಸ್ಟ್ರೋಕ್ ಕೌಂಟ್' (ಗೆರೆಗಳ ಲೆಕ್ಕ) ಕೆಲವೆಡೆ ಒಂದಕ್ಕಿಂತ ಹೆಚ್ಚು ಇರುತ್ತದೆ. ಮೊದಲನೆಯದು ಸರಿಯಾದ ಲೆಕ್ಕ, ಉಳಿದವು ಜನ ಸಾಮಾನ್ಯವಾಗಿ ತಪ್ಪಿ ಎಣಿಸುವ ಸಂಖ್ಯೆಗಳು. ಅವೂ ಹುಡುಕಾಟಕ್ಕೆ ಬೇಕು. 'ಫ್ರೀಕ್ವೆನ್ಸಿ' (ಬಳಕೆಯ ಪ್ರಮಾಣದ ಸ್ಥಾನ) ಇರುವುದು 1ರಿಂದ 2,500ರವರೆಗಿನ ಸ್ಥಾನಕ್ಕೆ ಮಾತ್ರ. ಉಳಿದವಕ್ಕೆ ಸೊನ್ನೆ ಹಾಕಿದರೆ ಅಪರೂಪದ ಕಾಂಜಿಗಳೇ ಪಟ್ಟಿಯ ತಲೆಗೆ ಬಂದು ಕೂರುತ್ತವೆ, ಹಾಗಾಗಿ 'ನಲ್' (ಬೆಲೆ ಇಲ್ಲ) ಇಡಿ. ಜೆಎಲ್‌ಪಿಟಿ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ) ಹಂತ 2010ಕ್ಕಿಂತ ಹಿಂದಿನ ನಾಲ್ಕು ಹಂತಗಳದ್ದು, ಈಗಿನ ಎನ್1–ಎನ್5 ಅಲ್ಲ. ಫೀಲ್ಡ್‌ಗೆ 'ಹಳೆಯ' ಎಂಬರ್ಥದ ಹೆಸರನ್ನೇ ಕೊಡಿ. ಭಾಷೆಯ ಗುರುತಿಲ್ಲದ ಅರ್ಥಗಳೆಲ್ಲ ಇಂಗ್ಲಿಷಿನವು.

ಬರೆಯುವಾಗ ಯುಟಿಎಫ್-8 ಇರಲಿ, ಅಕ್ಷರಗಳನ್ನು ಸಂಕೇತಗಳಾಗಿ ಬದಲಿಸುವ 'ಎನ್ಶೂರ್ ಆಸ್ಕಿ' ಆಫ್ ಮಾಡಿ. ಎನ್‌ಎಫ್‌ಸಿ ನಾರ್ಮಲೈಸೇಶನ್ (ಸಮಾನ ಅಕ್ಷರರೂಪಗಳನ್ನು ಒಂದೇ ರೂಪಕ್ಕೆ ತರುವುದು) ಮಾತ್ರ ಬೇಡವೇ ಬೇಡ: 'ದೇವರು' ಕಾಂಜಿಯ ಹಳೆಯ ರೂಪ (ಯೂನಿಕೋಡ್ ಸಂಖ್ಯೆ 64025) ಹೊಸ ರೂಪಕ್ಕೆ (31070) ಬದಲಾಗಿ, ಎರಡು ದಾಖಲೆಗಳು ಒಂದೇ ಆಗಿಬಿಡುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ 'ಬಯ್ಯು' ಕಾಂಜಿಯ (134047) ಉದ್ದ, ಅದು ಒಂದೇ ಅಕ್ಷರವಾದರೂ, 2 ಎಂದು ಬರುತ್ತದೆ. ಆದ್ದರಿಂದ ಅಕ್ಷರಗಳನ್ನು 'ಫಾರ್-ಆಫ್' ಲೂಪ್‌ನಲ್ಲಿ ಬಿಡಿಸಿಕೊಳ್ಳಿ.

ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ. ಇಡಿಆರ್‌ಡಿಜಿ ಹೆಸರನ್ನು ಆ್ಯಪ್‌ನಲ್ಲಿ ಕಾಣುವಂತೆ ಹಾಕಬೇಕು, ನೀವು ಮಾಡಿದ ಜೇಸನ್ ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಕೊನೆಗೆ ದಾಖಲೆಗಳ ಸಂಖ್ಯೆಯನ್ನು ಮೂಲ ಕಡತದೊಂದಿಗೆ ತಾಳೆ ನೋಡಿ. ಒಂದು ಕಡಿಮೆ ಬಂದರೂ ಎಲ್ಲೋ ಎರಡು ಕಾಂಜಿಗಳು ಬೆರೆತಿವೆ ಎಂದೇ ತಿಳಿದು ನಾರ್ಮಲೈಸೇಶನ್ ಇರುವ ಸಾಲನ್ನು ಮೊದಲು ಹುಡುಕಿ.