ಮಳೆಯ ಸಂಖ್ಯೆಗೆ ಬೆಳೆಯ ಹಂತ ಸೇರಿಸಿ: ಊರಿನಿಂದ ದೇಶದವರೆಗೆ ಬೆಳೆಸ್ಥಿತಿ ಗಮನಿಸುವ ಕ್ರಮ

ಶಿವಮೊಗ್ಗ ಜಿಲ್ಲೆಯಲ್ಲಿ ಈ ವಾರ ಸರಾಸರಿ ಇಷ್ಟು ಮಿಲಿಮೀಟರ್ ಮಳೆಯಾಯಿತು ಎಂದು ಓದಿದ ಕೂಡಲೇ, ಆ ಸಂಖ್ಯೆ ಯಾರ ಹೊಲದ್ದು ಎಂದು ಕೇಳಿಕೊಳ್ಳಬೇಕು. ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುವ ಆಗುಂಬೆಯೂ ಅದರ ಸಣ್ಣದೊಂದು ಪಾಲು ಮಾತ್ರ ಕಾಣುವ ಶಿಕಾರಿಪುರದ ಬಯಲೂ ಒಂದೇ ಜಿಲ್ಲೆಯಲ್ಲಿವೆ. ಇವೆರಡರ ನಡುವಿನ ಸರಾಸರಿ ಮಳೆ ಬೀಳುವ ಗದ್ದೆಯನ್ನು ಹುಡುಕಿಕೊಂಡು ಹೋಗಬೇಕಾದೀತು. ಭಾರತೀಯ ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ನಮ್ಮ ಜಿಲ್ಲೆಯು ಕೋಲಾರ, ಚಾಮರಾಜನಗರಗಳ ಜೊತೆ ದಕ್ಷಿಣ ಒಳನಾಡಿಗೆ ಸೇರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದರೋ ಮಲೆನಾಡನ್ನು ಪ್ರತ್ಯೇಕ ವಲಯವಾಗಿ ಎಣಿಸುತ್ತದೆ. ಆದ್ದರಿಂದ ಒಬ್ಬರ ಶೇಕಡಾವಾರನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ಹೋಲಿಸಬಾರದು. ಸಹಕಾರ ಸಂಘದ ನಿರ್ದೇಶಕರಾಗಲಿ, ಗೊಬ್ಬರದ ಅಂಗಡಿಯವರಾಗಲಿ, ಸ್ವಂತ ತೋಟ ಮಾತ್ರ ಇರುವವರಾಗಲಿ, ಹದಿನೈದು ದಿನಕ್ಕೊಮ್ಮೆ ಒಂದು ಪುಟದ ಬೆಳೆಸ್ಥಿತಿ ಟಿಪ್ಪಣಿ ಬರೆಯಬಯಸುವವರಿಗಾಗಿ ಈ ಕ್ರಮವನ್ನು ವಿವರಿಸುತ್ತಿದ್ದೇನೆ.

ಆರಂಭ ಮನೆಯ ಮಳೆಮಾಪಕದಿಂದಲೇ ಆಗಲಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ. ನೀವೂ ಅದೇ ಹೊತ್ತಿಗೆ ಅಳೆದರೆ ಮಾತ್ರ ನಿಮ್ಮ ಅಂಕಿಯನ್ನು ಅವರ ಅಂಕಿಯೊಡನೆ ಹೋಲಿಸಬಹುದು. ಮಾಪಕವನ್ನು ಕೊಳ್ಳಲೇಬೇಕೆಂದಿಲ್ಲ. ಬಾಯಿ ಸರಿಯಾಗಿ 20 ಸೆಂ.ಮೀ. ಅಗಲವಿರುವ ಆಲಿಕೆಯನ್ನು ಒಂದು ಕ್ಯಾನಿನ ಮೇಲೆ ಕೂರಿಸಿದರೆ, ಕೂಡಿದ ಪ್ರತಿ 31.4 ಮಿಲಿಲೀಟರ್ ನೀರು ಒಂದು ಮಿ.ಮೀ. ಮಳೆಗೆ ಸಮ. ಕ್ಯಾನು ದೊಡ್ಡದಿರಲಿ. ಆಶ್ಲೇಷದ ಒಂದು ರಾತ್ರಿ 200 ಮಿ.ಮೀ. ಸುರಿದರೆ ಆರು ಲೀಟರಿಗಿಂತ ಹೆಚ್ಚು ನೀರು ಸೇರುತ್ತದೆ, ಐದು ಲೀಟರಿನ ಕ್ಯಾನು ಉಕ್ಕಿ ಅತಿ ಮುಖ್ಯವಾದ ದಿನದ ಲೆಕ್ಕವೇ ಕೈತಪ್ಪುತ್ತದೆ. ಮರ ಅಥವಾ ಕಟ್ಟಡದ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿ ಮಾಪಕವನ್ನು ಇಡಬೇಕು. ಇದನ್ನು ನಾನು ಕಲಿತದ್ದು ಮುಖಭಂಗವಾದ ಮೇಲೆ. ಮೊದಲ ವರ್ಷ ಅಂಗಳದಿಂದ ಕೈಗೆಟಕುವಂತೆ ತೋಟದ ಅಂಚಿನಲ್ಲಿಯೇ ಇಟ್ಟಿದ್ದೆ. ಒಂದು ಅಡಿಕೆ ಹಾಳೆ ಕಳಚಿ ಆಲಿಕೆಯ ಮೇಲೆ ಮಗುಚಿ ಬಿದ್ದದ್ದನ್ನು ನೋಡದೆ, ಹಳ್ಳ ತುಂಬಿ ಹರಿಯುತ್ತಿದ್ದ ದಿನ ಪುಸ್ತಕದಲ್ಲಿ ಸೊನ್ನೆ ಬರೆದೆ. ಈಗ ಮಾಪಕ ಕಣದ ನಡುವೆ ಇದೆ.

ದಿನದ ಮೊತ್ತದ ಜೊತೆಗೆ ಅದರ ವರ್ಗವನ್ನೂ ಬರೆಯಿರಿ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಮುಟ್ಟಿದರೆ ಅದು ಮಳೆಯ ದಿನ, 64.5ರಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮತ್ತು ಅದಕ್ಕೂ ಮೇಲ್ಪಟ್ಟದ್ದು ಅತ್ಯಂತ ಭಾರಿ. ಮಲೆನಾಡಿನಲ್ಲಿ ಇವಿಷ್ಟೇ ಸಾಲವು. ಮಳೆ ಎಷ್ಟು ದಿನ ಬಿಡದೆ ಹೊಯ್ಯಿತು, ನಡುವೆ ಹೊಳವು (ಮಳೆ ಬಿಟ್ಟ ಹೊತ್ತು) ಎಷ್ಟು ಗಂಟೆ ಸಿಕ್ಕಿತು ಎಂಬುದಕ್ಕೂ ಒಂದು ಕಾಲಂ ಬೇಕು. ಅಡಿಕೆಗೆ ಔಷಧಿ ಹೊಡೆಯಲು ಕೊನೆಗಾರ ಮರ ಹತ್ತುವುದು ಮಿ.ಮೀ. ನೋಡಿ ಅಲ್ಲ, ಹೊಳವು ನೋಡಿ. ಇನ್ನೊಂದು ಸಲಹೆಯನ್ನು ಕೆಲವರು ಹಳೆಯ ಕಾಲದ್ದೆನ್ನಬಹುದು: ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆದಿಡಿ. ಒಂದೊಂದು ನಕ್ಷತ್ರ ಹದಿಮೂರು-ಹದಿನಾಲ್ಕು ದಿನ ಇರುವುದರಿಂದ ಪಾಕ್ಷಿಕ ಟಿಪ್ಪಣಿಗೆ ತಾನಾಗಿ ಹೊಂದುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿರಿಯರ ನೆನಪು ಶೇಖರವಾಗಿರುವುದೇ ಆ ಲೆಕ್ಕದಲ್ಲಿ. ‘ಜುಲೈ ಕೊನೆಗೆ ಹೇಗಿತ್ತು’ ಎಂದರೆ ಸುಮ್ಮನಾಗುವವರು, ‘ಆ ವರ್ಷ ಪುಷ್ಯ ಮಳೆಗೆ ನೆಟ್ಟಿ (ಭತ್ತದ ನಾಟಿ) ಮುಗಿದಿತ್ತಾ’ ಎಂದರೆ ಯಾವ ಗದ್ದೆ ಮುಗಿದಿತ್ತು, ಯಾವುದಕ್ಕೆ ಅಗೆ (ಸಸಿ) ಸಾಲದೇ ಹೋಯಿತು ಎಂದು ಹೇಳತೊಡಗುತ್ತಾರೆ.

ಮಳೆಯನ್ನು ಬೆಳೆಯ ಹಂತದ ಎದುರಿಗಿಟ್ಟು ಓದುವುದು ಇಡೀ ಕೆಲಸದ ಜೀವಾಳ. ವಾರದಲ್ಲಿ 100 ಮಿ.ಮೀ. ಮಳೆ ಎಂಬುದು ನೆಟ್ಟಿಯ ಹೊತ್ತಿಗೆ ಭತ್ತಕ್ಕೆ ಬೇಕಾದ ನೀರು. ಕೊಯ್ಲಿಗೆ ಬಂದ ಪೈರಿಗೆ ಅದೇ ನೀರು ಬಿದ್ದರೆ ತೆನೆ ಮಲಗಿ ಕಾಳು ಮೊಳೆಯುತ್ತದೆ. ಸೊರಬ, ಶಿಕಾರಿಪುರದ ಕಡೆಯ ಮೆಕ್ಕೆಜೋಳ ಎಳೆಯದಿದ್ದಾಗ ಹತ್ತು ದಿನದ ಬಿಸಿಲನ್ನು ತಡೆದುಕೊಳ್ಳಬಲ್ಲುದು, ಆದರೆ ಹೂ ಬಂದು ತೆನೆಯ ರೇಷ್ಮೆ ಎಳೆಗಳು ಇಳಿಯುವ ಸಮಯದಲ್ಲಿ ನೆಲ ಒಣಗಿದರೆ ಕಾಳು ಕಟ್ಟುವುದೇ ಇಲ್ಲ, ಆಮೇಲೆ ಎಷ್ಟು ಮಳೆ ಬಂದರೂ ಆ ನಷ್ಟ ತುಂಬದು. ಅಡಿಕೆಯಲ್ಲಿ ಎಣಿಸಬೇಕಾದದ್ದು ಒಣ ದಿನಗಳನ್ನಲ್ಲ, ತೇವದ ದಿನಗಳನ್ನು. ಬಿಡದ ಮಳೆ, ತಂಪು ಮತ್ತು ಮೋಡ ಒಟ್ಟಿಗೆ ಕೂಡಿದರೆ ಕೊಳೆರೋಗ ಬರುತ್ತದೆ. ಆದ್ದರಿಂದ ಆ ದಿನಗಳಲ್ಲಿ ತೋಟಕ್ಕಿಳಿದು ಉದುರಿದ ಹಸಿ ಕಾಯಿಗಳನ್ನು ಹೆಕ್ಕಿ ನೋಡಿ: ತೊಟ್ಟಿನ ಬಳಿ ನೀರು ಹೀರಿದಂಥ ಕಡುಹಸಿರು ಕಲೆ, ಒಂದೆರಡು ದಿನ ಕಳೆದರೆ ಅದರ ಮೇಲೆ ಬಿಳಿ ಬೂಷ್ಟು. ಪ್ರತಿ ಸಲವೂ ಅದೇ ಇಪ್ಪತ್ತು ಮರಗಳ ಬುಡದಲ್ಲಿ ಎಣಿಸಿ. ಮರ ಬದಲಾದರೆ ಎಣಿಕೆಗೆ ಅರ್ಥವಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಶೇ. 1ರ ಬೋರ್ಡೋ ದ್ರಾವಣವನ್ನು ಯಾವ ದಿನ ಹೊಡೆದಿರಿ, ಎರಡನೆಯ ಸುತ್ತಿಗೆ ಎಷ್ಟು ದಿನ ಅಂತರವಾಯಿತು ಎಂಬುದನ್ನೂ ಅಲ್ಲಿಯೇ ದಾಖಲಿಸಿ. ಮೊದಲ ಸುತ್ತಾಗಿ 40–45 ದಿನ ದಾಟಿಯೂ ಹೊಳವು ಸಿಗದಿದ್ದರೆ, ತೋಟ ಎಷ್ಟೇ ಚೆನ್ನಾಗಿ ಕಂಡರೂ ಟಿಪ್ಪಣಿಯಲ್ಲಿ ‘ಆತಂಕ’ ಎಂದೇ ಬರೆಯಬೇಕು.

ನಿಮ್ಮ ಪುಸ್ತಕ ಸಿದ್ಧವಾದ ಮೇಲೆ ಸರ್ಕಾರದ ಮಾಹಿತಿಯನ್ನು ಓದುವುದು ಸುಲಭ. ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳೂ ಇವೆ. ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ ಅಡಿಕೆ, ಕಾಳುಮೆಣಸಿನ ಬೆಳೆಗಾರರು ತಮ್ಮ ಪಂಚಾಯಿತಿಯ ಅಂಕಿಯನ್ನು ಅಂದಂದೇ ಉಳಿಸಿಕೊಳ್ಳುವುದು ಲೇಸು. ಗ್ರಾಮೀಣ ಕೃಷಿ ಮೌಸಮ್ ಸೇವೆಯ ಸಲಹಾ ಪತ್ರ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, ಮೇಘದೂತ್ ಆ್ಯಪ್‌ನಲ್ಲಿಯೂ ಸಿಗುತ್ತದೆ. ಅದರ ಐದು ದಿನದ ಮುನ್ಸೂಚನೆಯನ್ನು ಕೆಲಸ ಹಮ್ಮಿಕೊಳ್ಳಲು ಬಳಸಬಹುದು; ಎರಡು ವಾರದಾಚೆಯದನ್ನು ಒಲವು ಎಂದಷ್ಟೇ ತಿಳಿಯಬೇಕು. ಕೀಟ, ರೋಗದ ವಿಷಯದಲ್ಲಿ ಮಾತ್ರ ಯಂತ್ರಕ್ಕಿಂತ ಕಣ್ಣು ಮುಂದಿರುತ್ತದೆ. ಇಂದು ದೇಶದ ಮೆಕ್ಕೆಜೋಳವನ್ನೆಲ್ಲ ಕಾಡುತ್ತಿರುವ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಇಲ್ಲೇ ಶಿವಮೊಗ್ಗದ ಕೃಷಿ ಕಾಲೇಜಿನ ಹೊಲದಲ್ಲಿ. ಸುಳಿಯೊಳಗೆ ಹಿಕ್ಕೆ, ಎಲೆಯಲ್ಲಿ ಸಾಲುತೂತು ಕಂಡರೆ ಗಿಡ ಎಣಿಸಿ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ಉಪಗ್ರಹದ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬಿಗಿಯಾದದ್ದು. ಹಸಿರಿನ ಸೂಚ್ಯಂಕವು ಬಯಲುಸೀಮೆಯಲ್ಲಿ ಒಳ್ಳೆಯ ಸಾಧನ. ಇದೇ ಪಕ್ಷದ ಹಿಂದಿನ ವರ್ಷಗಳ ಚಿತ್ರದೊಡನೆ ಹೋಲಿಸಿದರೆ ಬಿತ್ತನೆ ತಡವಾದದ್ದೂ ಬೆಳೆ ಬಾಡಿದ್ದೂ ಕಾಣುತ್ತದೆ. ಮಲೆನಾಡಿನಲ್ಲಿ ಅದಕ್ಕೆ ಮೂರು ಅಡ್ಡಿಗಳಿವೆ. ಆರಿದ್ರೆಯಿಂದ ಮಖೆಯವರೆಗೆ (ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ) ಮೋಡ ಬಿಡದಿರುವುದರಿಂದ ಐದು ದಿನಕ್ಕೊಮ್ಮೆ ಬರುವ ಸೆಂಟಿನೆಲ್-2 ಉಪಗ್ರಹದ ಚಿತ್ರವೂ ಬರಿಯ ಬಿಳುಪು. ಒರಟು ಚಿತ್ರಗಳಲ್ಲಾದರೆ 250 ಮೀಟರಿನ ಒಂದು ಚೌಕದಲ್ಲಿ ಗದ್ದೆ, ತೋಟ, ಸೊಪ್ಪಿನ ಬೆಟ್ಟ, ಕಾಡು ಎಲ್ಲವೂ ಕಲಸಿಹೋಗುತ್ತವೆ. ಮೂರನೆಯದು, ಕೊಳೆರೋಗ ಮೊದಲು ಹಿಡಿಯುವುದು ಕಾಯಿಯನ್ನು, ಸೋಗೆಯನ್ನು (ಗರಿಯನ್ನು) ಅಲ್ಲ. ಫಸಲು ನೆಲಕ್ಕುದುರಿದ ತೋಟವೂ ಆಕಾಶದಿಂದ ಅಚ್ಚ ಹಸಿರು. ಮೋಡದೊಳಗಿಂದಲೂ ನೋಡಬಲ್ಲ ಸೆಂಟಿನೆಲ್-1ರ ರೇಡಾರ್ ಚಿತ್ರದಲ್ಲಿ ನೀರು ನಿಂತ ಗದ್ದೆ ಕಪ್ಪಾಗಿ ಕಾಣುವುದರಿಂದ ನೆಟ್ಟಿ ಎಲ್ಲಿಯವರೆಗೆ ಬಂತೆಂಬುದನ್ನು ಅದರಿಂದ ತಿಳಿಯಬಹುದು.

ಇನ್ನು ದೇಶದ ಮಟ್ಟ. ಇಲ್ಲಿ ಹವಾಮಾನ ಇಲಾಖೆಯ ನಕ್ಷೆಯೇ ಆಧಾರ: ವಾಡಿಕೆಗಿಂತ ಶೇ. 19ರ ಆಚೀಚೆ ಇದ್ದರೆ ಸಾಮಾನ್ಯ, ಶೇ. 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ, 60 ಮುಟ್ಟಿದರೆ ತೀವ್ರ ಕೊರತೆ. ಆದರೆ ಹಂಗಾಮಿನ ಒಟ್ಟು ಮೊತ್ತ ಎಷ್ಟು ಮೋಸ ಮಾಡುತ್ತದೆಂಬುದಕ್ಕೆ 2023ನ್ನು ನೋಡಿ. ಆ ವರ್ಷ ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ. 94ರಷ್ಟಿತ್ತು, ಕೇಳುವುದಕ್ಕೆ ಅಂಥ ಅನಾಹುತವೇನಲ್ಲ. ಅದರೊಳಗೆ ಆಗಸ್ಟ್ ತಿಂಗಳೊಂದೇ ಶೇ. 36ರಷ್ಟು ಕೊರತೆಯಾಗಿ, 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಆದ್ದರಿಂದ ತಿಂಗಳುವಾರು ಅಂಕಿಯಿಲ್ಲದೆ ಹಂಗಾಮಿನ ಅಂಕಿಯನ್ನು ಬರೆಯಬೇಡಿ. ಪ್ರದೇಶದ ಸ್ವಭಾವವನ್ನೂ ಪಕ್ಕದಲ್ಲಿ ಗುರುತಿಸಿಕೊಳ್ಳಿ. ಪಂಜಾಬ್, ಹರಿಯಾಣದಲ್ಲಿ ನೀರಾವರಿ ಇರುವುದರಿಂದ ಮಳೆಕೊರತೆ ಕೂಡಲೇ ಬೆಳೆಕೊರತೆಯಾಗದು. ಮರಾಠವಾಡ, ವಿದರ್ಭದ ಸೋಯಾ, ಹತ್ತಿಗೆ ಅಂಥ ಆಸರೆ ಇಲ್ಲ. ತಮಿಳುನಾಡಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತವೇ ದೊಡ್ಡ ಮಳೆ. ಉತ್ತರದ ಗೋಧಿಗೆ ಮಳೆಗಿಂತ ಮಾರ್ಚ್ ತಿಂಗಳ ಶಾಖ ನಿರ್ಣಾಯಕ: 2022ರ ಮಾರ್ಚ್ ಬಿಸಿಗೆ ಕಾಳು ಜಳ್ಳಾಗಿ, ಮೇ ತಿಂಗಳಲ್ಲಿ ಗೋಧಿ ರಫ್ತನ್ನೇ ನಿಲ್ಲಿಸಬೇಕಾಯಿತು. ಜಲಾಶಯಗಳ ಮಟ್ಟವನ್ನು ಕೇಂದ್ರ ಜಲ ಆಯೋಗ ವಾರವಾರ ಪ್ರಕಟಿಸುತ್ತದೆ. ನಮ್ಮ ಮಟ್ಟಿಗೆ 186 ಅಡಿಯ ಭದ್ರಾ ಎಷ್ಟು ತುಂಬಿತೆಂಬುದು ಭದ್ರಾವತಿಯಿಂದ ದಾವಣಗೆರೆಯವರೆಗಿನ ಬೇಸಿಗೆ ಭತ್ತದ ಭವಿಷ್ಯ.

ಬರೆಯುವಾಗ ಪ್ರತಿ ಪ್ರದೇಶ, ಪ್ರತಿ ಬೆಳೆಗೂ ಒಂದೇ ಸಾಲು ಸಾಕು: ಹಂತ, ಸ್ಥಿತಿ, ಕಾರಣ. ಸ್ಥಿತಿಗೆ ‘ಉತ್ತಮ’, ‘ಸಾಧಾರಣ’, ‘ಆತಂಕ’, ‘ಕೆಟ್ಟಿದೆ’ ಎಂಬ ನಾಲ್ಕೇ ಪದಗಳನ್ನು ಇಟ್ಟುಕೊಂಡು ವರ್ಷವಿಡೀ ಅವನ್ನೇ ಬಳಸಿ. ಕಾರಣವಿಲ್ಲದ ಸ್ಥಿತಿಯನ್ನು ಬರೆಯಬೇಡಿ. ಉದಾಹರಣೆಗೆ: ‘ತೀರ್ಥಹಳ್ಳಿ, ಅಡಿಕೆ: ಕಾಯಿ ಬಲಿಯುವ ಹಂತ, ಆತಂಕ, ಹನ್ನೊಂದು ದಿನ ಬಿಡದ ಮಳೆ, ಎರಡನೆಯ ಔಷಧಿ ಬಾಕಿ, ಇಪ್ಪತ್ತು ಮರದಡಿ 34 ಕಾಯಿ.’ ನೀವು ಕಣ್ಣಾರೆ ನೋಡಿದ್ದರ ಮುಂದೆ ಒಂದು ಚುಕ್ಕಿ ಇಡಿ, ಫೋನಿನಲ್ಲಿ ಕೇಳಿದ್ದಕ್ಕೆ ಬೇಡ. ಹಿಂದಿನ ಪಕ್ಷದ ಅಂದಾಜು ತಪ್ಪಾಗಿದ್ದರೆ ಅಳಿಸದೆ, ಒಂದು ಗೆರೆ ಎಳೆದು ಸರಿಯಾದದ್ದನ್ನು ಮೇಲೆ ಬರೆಯಿರಿ. ಅಡಿಕೆ ಗೊನೆಯ ಕೊಯ್ಲು ಶುರುವಾದ ಮೇಲೂ ಪುಸ್ತಕ ಮುಚ್ಚುವಂತಿಲ್ಲ, ಏಕೆಂದರೆ ಬೇಯಿಸಿದ ಅಡಿಕೆ ಚಪ್ಪರದ ಮೇಲಿರುವಾಗ ಬರುವ ಹತ್ತು ಮಿ.ಮೀ. ಮಳೆಗೆ ಆಷಾಢದ ನೂರು ಮಿ.ಮೀ.ಗಿಂತ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ.